‘ತೆರೆದ ಕಡಿತ’ ಎಂಬ ಶಸ್ತ್ರಚಿಕಿತ್ಸೆ ಇಲ್ಲ

ಮುಂಗೈಯ ಎರಡೂ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಬಂಧುಗಳ ಹುಡುಗನ ಒಪ್ಪಿಗೆ ಪತ್ರವನ್ನು ಈಚೆಗೆ ಓದಬೇಕಾಯಿತು. ಶಸ್ತ್ರಚಿಕಿತ್ಸೆಯ ಹೆಸರಿನ ಜಾಗದಲ್ಲಿ ‘ತೆರೆದ ಕಡಿತ ಮತ್ತು ಆಂತರಿಕ ಸ್ಥಿರೀಕರಣ’ ಎಂದು ಅಚ್ಚಾಗಿತ್ತು. ಹುಡುಗನ ತಾಯಿ ಅದರ ಮೇಲೆ ಬೆರಳಿಟ್ಟು, “ಅಣ್ಣಾ, ಎಲ್ಲಿವರೆಗೆ ಕಡೀತಾರಂತೆ?” ಎಂದು ಕೇಳಿದರು. ‘ಓಪನ್ ರಿಡಕ್ಷನ್ ಅಂಡ್ ಇಂಟರ್ನಲ್ ಫಿಕ್ಸೇಷನ್’ ಎಂಬುದನ್ನು ಯಾರೋ ಯಂತ್ರಕ್ಕೆ ಹಾಕಿ, ಬಂದ ಕನ್ನಡವನ್ನು ಓದಿ ನೋಡದೆ ಅಚ್ಚು ಹಾಕಿಸಿದ್ದರು. ಈ ‘ಕಡಿತ’ವನ್ನು ನಾನು ಕಂಡದ್ದು ಇದೇ ಮೊದಲಲ್ಲವಾದ್ದರಿಂದ ಒಮ್ಮೆ ಬಿಡಿಸಿ ಬರೆಯುವುದು ಒಳ್ಳೆಯದು.

ರಿಡಕ್ಷನ್ ಎಂದರೆ ಕಡಿಮೆ ಮಾಡುವುದು ಎಂಬುದು ಅಂಗಡಿಯ ಅರ್ಥ. ಲ್ಯಾಟಿನ್ನಿನಲ್ಲಿ ‘ರೆ’ ಎಂದರೆ ಹಿಂದಕ್ಕೆ, ‘ಡೂಕೆರೆ’ ಎಂದರೆ ನಡೆಸಿಕೊಂಡು ಹೋಗು. ನಮ್ಮ ಬಸ್ಸಿನ ಕಂಡಕ್ಟರಿನೊಳಗೆ ಕುಳಿತಿರುವ ‘ಡಕ್ಟ್’ ಕೂಡ ಇದೇ ಧಾತುವಿನದು. ಎರಡೂ ಸೇರಿದರೆ ‘ಮರಳಿ ಕರೆತರು’ ಎಂದಾಗುತ್ತದೆ, ಮತ್ತು ವೈದ್ಯಕೀಯವು ಆ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ. ಜಾರಿದ ಭುಜದ ಕೀಲನ್ನು ಗುಳಿಗೆ ಸೇರಿಸುವುದೂ ರಿಡಕ್ಷನ್, ಹರ್ನಿಯಾದಲ್ಲಿ ಹೊರಗೆ ಉಬ್ಬಿದ ಕರುಳನ್ನು ಹೊಟ್ಟೆಯೊಳಕ್ಕೆ ಮರಳಿಸುವುದೂ ರಿಡಕ್ಷನ್, ಪಕ್ಕಕ್ಕೆ ಸರಿದ ಮೂಳೆಯ ತುಂಡುಗಳನ್ನು ಮೊದಲಿನ ಸಾಲಿಗೆ ತರುವುದೂ ರಿಡಕ್ಷನ್. ಇದಕ್ಕೆ ಕನ್ನಡದಲ್ಲಿ ‘ಕೂರಿಸುವುದು’ ಎಂಬ ಮಾತು ಮೊದಲಿನಿಂದಲೂ ಇರುವಾಗ ‘ಕಡಿತ’ದ ಹಂಗೇಕೆ ಬೇಕಿತ್ತೋ ತಿಳಿಯದು. ಸಂಸ್ಕೃತದ ಪದವೇ ಆಗಬೇಕೆನ್ನುವವರಿಗೂ ಒಂದು ಮಾತಿದೆ. ಸುಶ್ರುತ ಸಂಹಿತೆಯ ಭಗ್ನಚಿಕಿತ್ಸೆಯಲ್ಲಿ ಆಂಛನ, ಪೀಡನ, ಸಂಕ್ಷೇಪ, ಬಂಧನ ಎಂಬ ನಾಲ್ಕು ಉಪಾಯಗಳು ಬರುತ್ತವೆ: ಎಳೆಯುವುದು, ಒತ್ತುವುದು, ಒಂದಕ್ಕೊಂದು ಸೇರಿಸುವುದು, ಕಟ್ಟುವುದು. ಅಲ್ಲಿಯ ‘ಸಂಕ್ಷೇಪ’ ಇಂದಿನ ಕನ್ನಡದಲ್ಲಿ ಮೊಟಕುಗೊಳಿಸುವುದು ಎಂಬ ಅರ್ಥಕ್ಕೆ ಇಳಿದಿದೆ. ರಿಡಕ್ಷನ್ನಿಗೆ ಬಂದ ಗತಿಯೇ ಅದಕ್ಕೂ ಬಂದಿರುವುದರಿಂದ, ಇಂದು ಅದನ್ನು ಒಪ್ಪಿಗೆ ಪತ್ರದಲ್ಲಿ ಬರೆದರೂ ಗೊಂದಲ ತಪ್ಪುವುದಿಲ್ಲ.

‘ಓಪನ್’ ಎಂಬುದರಲ್ಲಿಯೂ ಒಂದು ತೊಡಕಿದೆ. ಓಪನ್ ಫ್ರ್ಯಾಕ್ಚರ್ ಎಂದರೆ ಮುರಿತದ ಜಾಗ ಗಾಯದ ಮೂಲಕ ಹೊರಗಿನ ಗಾಳಿಗೆ ತೆರೆದುಕೊಂಡಿದೆ ಎಂದು. ಅದು ಅಪಘಾತ ಮಾಡಿದ ಕೆಲಸ. ಓಪನ್ ರಿಡಕ್ಷನ್ ಎಂದರೆ ವೈದ್ಯರು ಚರ್ಮ, ಸ್ನಾಯುಗಳನ್ನು ಬಿಡಿಸಿ ಮುರಿತವನ್ನು ಕಣ್ಣಾರೆ ನೋಡಿ ಕೂರಿಸುತ್ತಾರೆ ಎಂದು. ತೊಡೆಮೂಳೆಯ ಟೊಳ್ಳಿನೊಳಗೆ ನೇಲ್ ಎಂಬ ಲೋಹದ ಸರಳು ಹಾಕುವಾಗ ಎಷ್ಟೋ ಸಲ ಮುರಿತದ ಜಾಗವನ್ನು ತೆರೆಯುವುದೇ ಇಲ್ಲ; ಸಿ-ಆರ್ಮ್ ಎಕ್ಸ್‌ರೇ ಪರದೆಯನ್ನು ನೋಡುತ್ತ ಹೊರಗಿನಿಂದಲೇ ಕೂರಿಸಿ, ಮೂಳೆಯ ತುದಿಯ ಕಡೆಯಿಂದ ನೇಲನ್ನು ಇಳಿಸುತ್ತಾರೆ. ಅದು ಇಂಟರ್ನಲ್ ಫಿಕ್ಸೇಷನ್ ಹೌದು, ಓಪನ್ ರಿಡಕ್ಷನ್ ಅಲ್ಲ.

ಇನ್ನು ‘ಸ್ಥಿರೀಕರಣ’. ತಪ್ಪಿಲ್ಲದ ಪದವೇ ಆದರೂ ಅದರೊಳಗಿನ ‘ಸ್ಥಿರ’ ಎಂಬುದು ಜನರ ಕಿವಿಗೆ ‘ಶಾಶ್ವತ’ ಎಂದು ಕೇಳಿಸುತ್ತದೆ. ಇಲ್ಲಿರುವುದು ಅಲುಗದಂತೆ ಹಿಡಿದಿಡುವುದು ಎಂಬಷ್ಟೇ ಅರ್ಥ. ಆ ಹಿಡಿತ ದೇಹದ ಒಳಗಿರುವುದರಿಂದ ಇಂಟರ್ನಲ್. ಚರ್ಮದ ಹೊರಗೆ ಕಂಬಿ, ಉಂಗುರಗಳ ಚೌಕಟ್ಟು ನಿಂತರೆ ಎಕ್ಸ್‌ಟರ್ನಲ್. 1886ರಲ್ಲಿ ಹ್ಯಾಂಬರ್ಗಿನ ಕಾರ್ಲ್ ಹಾನ್ಸ್‌ಮನ್ ಮೂಳೆಗೆ ಲೋಹದ ಪ್ಲೇಟ್ ಹಾಕಿದ ವಿವರ ಪ್ರಕಟಿಸಿದಾಗ, ಮುಂದೆ ತೆಗೆಯಲು ಸುಲಭವಾಗಲೆಂದು ಪ್ಲೇಟಿನ ಬಾಗಿದ ತುದಿಯೂ ತಿರುಪುಗಳ ದಂಡವೂ ಚರ್ಮದ ಹೊರಕ್ಕೆ ಚಾಚಿಕೊಂಡಿದ್ದವು. ಪೂರ್ತಿ ‘ಆಂತರಿಕ’ವಾಗಲು ಅದಕ್ಕೂ ಕೆಲ ಕಾಲ ಹಿಡಿಯಿತು.

ಒಳಗೇ ಹಿಡಿದಿಡುವುದರ ಲಾಭ ಕೀಲುಗಳಿಗೆ. ಪ್ಲಾಸ್ಟರ್ ಕಟ್ಟಿದರೆ ಸಾಮಾನ್ಯವಾಗಿ ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳೂ ವಾರಗಟ್ಟಲೆ ಕಟ್ಟಿನೊಳಗೆ ಉಳಿದು ಬಿಗಿದುಕೊಳ್ಳುತ್ತವೆ. 1958ರಲ್ಲಿ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯರು ಕಟ್ಟಿಕೊಂಡ ಎ.ಒ. ಎಂಬ ಗುಂಪು, ಮೂಳೆ ಅಲುಗಬಾರದು ಆದರೆ ಕೀಲು ಬೇಗ ಆಡಬೇಕು ಎಂಬುದನ್ನೇ ತನ್ನ ತತ್ತ್ವಗಳಲ್ಲಿ ಒಂದಾಗಿಸಿಕೊಂಡಿತು. ಅವರು ಬಳಕೆಗೆ ತಂದ ಕಂಪ್ರೆಷನ್ ಪ್ಲೇಟಿನ ರಂಧ್ರವನ್ನು ಹತ್ತಿರದಿಂದ ನೋಡಿದರೆ ಅದು ದುಂಡಗಿರದೆ ಮೊಟ್ಟೆಯಾಕಾರದಲ್ಲಿದ್ದು, ಅದರ ಒಂದು ತುದಿ ಒಳಮುಖವಾಗಿ ಇಳಿಜಾರಾಗಿರುತ್ತದೆ. ತಿರುಪನ್ನು ಆ ತುದಿಗೆ ಒತ್ತಿಕೊಂಡಂತೆ ಹಾಕಿ ಬಿಗಿದಾಗ ಅದರ ತಲೆ ಇಳಿಜಾರಿನಲ್ಲಿ ಜಾರುತ್ತ, ತಾನು ಕಚ್ಚಿಕೊಂಡ ಮೂಳೆಯ ತುಂಡನ್ನೂ ಎಳೆದುಕೊಂಡು ಬಂದು ಎದುರಿನ ತುಂಡಿಗೆ ಒತ್ತುತ್ತದೆ. ಒಬ್ಬ ಬಡಗಿಗೆ ಇದನ್ನು ವಿವರಿಸಿದರೆ ಅರ್ಧ ಹೇಳುವಷ್ಟರಲ್ಲಿ ತಲೆಯಾಡಿಸುತ್ತಾನೆ.

‘ರಾಡ್ ಹಾಕಿದ್ದಾರೆ’ ಎಂಬ ಊರಮಾತಿನ ಮೇಲೆ ನನಗೆ ತಕರಾರು ಕಡಿಮೆ, ಪ್ಲೇಟಿಗೂ ಜನ ಅದನ್ನೇ ಹೇಳುತ್ತಾರೆ ಎಂಬುದೊಂದನ್ನು ಬಿಟ್ಟರೆ. ಮೂಳೆಯ ಹೊರಮೈಗೆ ತಿರುಪುಗಳಿಂದ ಅಂಟಿಕೊಳ್ಳುವುದು ಪ್ಲೇಟು, ಮಜ್ಜೆಯ ನಾಳದೊಳಗೆ ಉದ್ದಕ್ಕೆ ಇಳಿಯುವುದು ನೇಲು. ರಾಡ್ ಎಂಬ ಹೆಸರು ಒಪ್ಪುವುದು ಎರಡನೆಯದಕ್ಕೆ ಮಾತ್ರ. ಅದನ್ನು ‘ಮೂಳೆಗೆ ಮೊಳೆ’ ಎಂದು ಅನುವಾದಿಸಿ ಪ್ರಾಸಕ್ಕೆ ಮರುಳಾದ ವರದಿಗಾರರು ಗೋಡೆಗೆ ಹೊಡೆಯುವ ಮೊಳೆಯನ್ನು ರೋಗಿಯ ಕಣ್ಣ ಮುಂದೆ ತರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ‘ಪ್ಲೇಟ್ ಹಾಕಿ ಮೂಳೆ ಜೋಡಿಸಿದರು’ ಎಂಬ ವಾಕ್ಯದಲ್ಲಿ. ಪ್ಲೇಟು ಮೂಳೆಯನ್ನು ಕೂಡಿಸುವುದಿಲ್ಲ. ವೈದ್ಯರು ಕೂರಿಸುತ್ತಾರೆ, ಲೋಹ ಹಿಡಿದಿರುತ್ತದೆ, ಮೂಳೆ ತಾನಾಗಿ ಕೂಡುತ್ತದೆ. ಕರ್ತೃಗಳೂ ಮೂರು, ಕ್ರಿಯಾಪದಗಳೂ ಮೂರು. ಮೂರನೆಯದು ನಡೆಯದೆ ಹೋದರೆ ಎಂಥ ಗಟ್ಟಿ ಉಕ್ಕಾದರೂ, ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದ ತಂತಿಯಂತೆ, ಹೆಜ್ಜೆ ಹೆಜ್ಜೆಗೂ ಬೀಳುವ ಭಾರಕ್ಕೆ ದಣಿದು ಒಂದು ದಿನ ತುಂಡಾಗುತ್ತದೆ. ಆಗ ‘ಕಳಪೆ ಪ್ಲೇಟ್ ಹಾಕಿದರು’ ಎಂದು ಜಗಳಕ್ಕೆ ಹೋಗುವವರು, ಪ್ಲೇಟು ಮುರಿದದ್ದರಿಂದ ಮೂಳೆ ಕೂಡಲಿಲ್ಲವೋ, ಮೂಳೆ ಕೂಡದ್ದರಿಂದ ಪ್ಲೇಟು ಮುರಿಯಿತೋ ಎಂಬುದನ್ನು ಮೊದಲು ಕೇಳಬೇಕು. ಹೆಚ್ಚಿನ ಸಲ ಎರಡನೆಯದೇ ನಿಜವಾಗಿರುತ್ತದೆ.

ಆ ಹುಡುಗನ ತಾಯಿಗೆ ನಾನು ಹೇಳಿದ್ದು ಇಷ್ಟೇ: “ಕೈ ಕಡಿಯೋದಿಲ್ಲಮ್ಮ. ಮೂಳೆ ಕೂರಿಸಿ, ಅಲುಗದ ಹಾಗೆ ಒಳಗೆ ಪ್ಲೇಟ್ ಹಾಕ್ತಾರೆ.” ಸಹಿ ಹಾಕುವ ಮೊದಲು ಅವರು ‘ಕಡಿತ’ದ ಮೇಲೆ ಒಂದು ಗೆರೆ ಎಳೆದರು.