ರೇಡಿಯೇಟರ್ ಖಾಲಿಯಾದರೂ ಎಂಜಿನ್ ಖಾಲಿಯಾಗಿರುವುದಿಲ್ಲ

ಕಾರಿನ ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಬದಲಿಸಿ ವರ್ಷ ತುಂಬುವ ಮೊದಲೇ ಟ್ಯಾಂಕಿನ ದ್ರವ ತುಕ್ಕಿನ ಬಣ್ಣಕ್ಕೆ ತಿರುಗಿದರೆ, ಹಾಕಿದ ಮಾಲೇ ಕಳಪೆ ಎಂದು ದೂರುತ್ತೇವೆ. ಅದಕ್ಕೂ ಮೊದಲು ಕೂಲೆಂಟಿಗೆ ಬೆರೆತ ನೀರಿನ ಅಳತೆ ಸರಿಯಿತ್ತೇ ಎಂದು ನೋಡಬೇಕು.

ರೇಡಿಯೇಟರಿನ ತಳದ ಡ್ರೈನ್ ಕಾಕ್ ಸಡಿಲಿಸಿದಾಗ ಕೂಲೆಂಟ್ ಪೂರ್ತಿ ಇಳಿಯುವುದಿಲ್ಲ. ಎಂಜಿನ್ ಬ್ಲಾಕ್ ಮತ್ತು ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರಿನ ಕೋರ್‌ನಲ್ಲಿರುವುದು ಅಲ್ಲೇ ಉಳಿಯುತ್ತದೆ. 5 ಲೀಟರ್ ಹಿಡಿಯುವ ಕಾರಿನಿಂದ 3 ಲೀಟರ್ ಇಳಿಯಿತು ಎನ್ನಿ. 3 ಲೀಟರ್ ನೀರು ತುಂಬಿ, ಎಂಜಿನ್ ಓಡಿಸಿ, ನಿಲ್ಲಿಸಿ, ತಣ್ಣಗಾದ ಮೇಲೆ ಇಳಿಸಿದರೆ ಆ ನೀರಿನಲ್ಲಿ ಶೇ 40ರಷ್ಟು ಹಳೆಯ ಕೂಲೆಂಟೇ ಇರುತ್ತದೆ. ಎರಡನೇ ಸಲಕ್ಕೆ ಶೇ 16, ಮೂರನೇ ಸಲಕ್ಕೆ ಶೇ 6.4. ಹಾಗಾಗಿ ಮೂರು ಸಲ ತೊಳೆಯುವುದು ಅತಿಯಲ್ಲ. ಆದರೆ ಪ್ರತಿ ಸಲವೂ ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಕವಾಟ) ತೆರೆಯುವವರೆಗೆ ಎಂಜಿನ್ ಬಿಸಿಯಾಗಲೇಬೇಕು. ಮೇಲಿನ ಹೋಸ್ ಪೈಪ್ ಇದ್ದಕ್ಕಿದ್ದಂತೆ ಬಿಸಿಯಾಯಿತೆಂದರೆ ತೆರೆಯಿತು ಎಂದರ್ಥ. ಅದು ತೆರೆಯದಿದ್ದರೆ ಬ್ಲಾಕಿನ ಹಳೆಯ ದ್ರವ ರೇಡಿಯೇಟರಿಗೆ ಬರುವುದೇ ಇಲ್ಲ.

ಎಡವುವುದು ಇಲ್ಲಿಯೇ. ಮೂರನೇ ತೊಳೆತದ ನಂತರ ಒಳಗೆ 2 ಲೀಟರ್ ಹೆಚ್ಚುಕಡಿಮೆ ಬರಿ ನೀರೇ ಉಳಿದಿದೆ. ಅದರ ಮೇಲೆ ಅರ್ಧಕ್ಕರ್ಧ ನೀರು ಬೆರೆಸಿಯೇ ಬರುವ ರೆಡಿಮಿಕ್ಸ್ 3 ಲೀಟರ್ ಹಾಕಿದರೆ, 5 ಲೀಟರಿನಲ್ಲಿ ಅಸಲು ಕೂಲೆಂಟ್ 1.5 ಲೀಟರ್, ಅಂದರೆ ಶೇ 30 ಮಾತ್ರ. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ನೀರು ಹೆಪ್ಪುಗಟ್ಟದು, ಇಷ್ಟು ಸಾಕು ಎನ್ನುವಂತಿಲ್ಲ. ಕುದಿಯುವ ಬಿಂದು ಇಳಿಯುತ್ತದೆ. ಅಲ್ಯೂಮಿನಿಯಂ ಹೆಡ್ಡನ್ನೂ ವಾಟರ್ ಪಂಪನ್ನೂ ತುಕ್ಕಿನಿಂದ ಕಾಯುವ ರಾಸಾಯನಿಕವೂ ತೆಳ್ಳಗಾಗುತ್ತದೆ. ತೊಳೆದ ಮೇಲೆ ನೀರು ಬೆರೆಸದ ಕೂಲೆಂಟ್, ಅಂದರೆ ಕಾನ್ಸಂಟ್ರೇಟ್, ಬಳಸಿ: ಮೊದಲು 2.5 ಲೀಟರ್ ಕಾನ್ಸಂಟ್ರೇಟ್, ಮೇಲೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್. ಹಳೆಯದು ತಿಳಿಯಾಗಿದ್ದು, ಅದೇ ಬಗೆಯದನ್ನೇ ಹಾಕುವುದಾದರೆ ತೊಳೆಯುವ ಗೋಜೇ ಬೇಡ; ಇಳಿದಷ್ಟು ರೆಡಿಮಿಕ್ಸ್ ತುಂಬಿದರೆ ಸಾಕು.

ಬೋರ್‌ವೆಲ್ ನೀರು ಮಾತ್ರ ತೊಳೆಯಲಿಕ್ಕೂ ಬೇಡ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬಣ್ಣ ನೋಡಿ ಕೂಲೆಂಟ್ ಆರಿಸುವುದೂ ತಪ್ಪು. ಬಣ್ಣ ಕಂಪನಿ ಬೆರೆಸುವ ಡೈ ಅಷ್ಟೇ. ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಗೆಯನ್ನೇ ಕೊಳ್ಳಿ. ಹೊಂದದ ಎರಡು ಬಗೆ ಬೆರೆತರೆ ಗಂಜಿಯಂತೆ ಗಟ್ಟಿಯಾಗಿ ದಾರಿ ಕಟ್ಟಿಕೊಳ್ಳಬಹುದು.

ತುಂಬುವಾಗ ಹೀಟರ್ ಪೂರ್ತಿ ಬಿಸಿಗಿಟ್ಟು, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ಸುರಿಯಿರಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ. ಬಿಸಿಯ ಮುಳ್ಳು ಏರುತ್ತಿದ್ದು ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಕೂಡಲೇ ಎಂಜಿನ್ ನಿಲ್ಲಿಸಿ. ಗಾಳಿ ತೆಗೆದ ಮೇಲೂ ಕೂಲೆಂಟಿನಲ್ಲಿ ಗುಳ್ಳೆ ಏಳುವುದು ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಪರೀಕ್ಷೆ ಮಾಡಿಸಲೇಬೇಕು. ರೇಡಿಯೇಟರ್ ಕ್ಯಾಪನ್ನು ಬಿಸಿಯಲ್ಲಿ ತೆರೆಯಲೇಬಾರದು. ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಮರುದಿನ ಎಂಜಿನ್ ತಣ್ಣಗಿದ್ದಾಗ ಮಟ್ಟ ನೋಡಿ, ಇಳಿದಿದ್ದರೆ ತುಂಬಿ.

ಇಳಿದದ್ದನ್ನು ಅಳೆಯದೆ ಈ ಲೆಕ್ಕ ಕೂಡುವುದಿಲ್ಲ, ಆದ್ದರಿಂದ ಬಕೆಟ್ಟಿಗೇ ಹಿಡಿಯಿರಿ. ಆ ಬಕೆಟ್ ತೆರೆದಿಡಬೇಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ ಸ್ವಲ್ಪ ನೆಕ್ಕಿದರೂ ಅದರ ಮೂತ್ರಪಿಂಡ ಕೆಡಬಹುದು. ತೊಳೆದ ನೀರನ್ನೂ ಸೇರಿಸಿ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಹಳೆಯ ಕೂಲೆಂಟ್ ವಿಲೇವಾರಿ ಮಾಡುವ ಗ್ಯಾರೇಜಿಗೆ ಕೊಡಿ.