ಹಾಳುಬಿದ್ದ ಮನೆಯೇ ಯಾಕೆ ಇಷ್ಟವಾಗುತ್ತದೆ: ಅನಿಮೇಷನ್ ಮನೆಗಳ ಬಗ್ಗೆ ಟಿಪ್ಪಣಿ

ಬ್ಯಾಕ್‌ಗ್ರೌಂಡ್ ಡಿಸೈನ್, ಅಂದರೆ ಅನಿಮೇಷನ್‌ನಲ್ಲಿ ಪಾತ್ರಗಳ ಹಿಂದೆ ಕಾಣುವ ಮನೆ, ಊರು, ಕಾಡುಗಳ ಚಿತ್ರಣ ಕಲಿಯುತ್ತಿರುವವರಿಗಾಗಿ ಬರೆದ ಟಿಪ್ಪಣಿ ಇದು. 'ಅಯ್ಯೋ, ಆ ಮನೆಯಲ್ಲಿ ನಾನಿರಬೇಕಿತ್ತು' ಅಂತ ಅನ್ನಿಸಿದ ಅನಿಮೇಷನ್ ಸಿನಿಮಾದ ಮನೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಅರಮನೆಗಳು ಕಡಿಮೆ, ಅಲ್ವಾ? ನನಗಂತೂ ಮೊದಲು ನೆನಪಾಗುವುದು ಧೂಳು ಹಿಡಿದ ಮನೆ, ಕಂಬ ಅಲ್ಲಾಡುವ ಮನೆ, ಗೋಡೆ ಬಿರುಕು ಬಿಟ್ಟ ಮನೆ. ನನ್ನ ಲೆಕ್ಕದಲ್ಲಿ ಕಾರಣ ಇಷ್ಟೇ: ಆ ಮನೆಯಲ್ಲಿ ಯಾರೋ ಗುಡಿಸಿದ್ದನ್ನು, ಒಲೆ ಹಚ್ಚಿದ್ದನ್ನು, ಮುರಿದಿದ್ದನ್ನು ಸರಿಮಾಡಿದ್ದನ್ನು ನಾವು ಕಣ್ಣಾರೆ ನೋಡಿರುತ್ತೇವೆ. ಅಂದಚಂದ ಎಲ್ಲ ಆಮೇಲಿನ ಮಾತು.

ಮೊದಲು 1988ರ 'ಮೈ ನೇಬರ್ ಟೊಟೊರೊ' ತಗೊಳ್ಳಿ, ಯಾಕೆಂದರೆ ಇದರಷ್ಟು ಕಲಿಸುವ ಮನೆ ಇನ್ನೊಂದಿಲ್ಲ. ನಿರ್ದೇಶನ ಹಯಾವೊ ಮಿಯಾಝಾಕಿ, ಕಲಾ ನಿರ್ದೇಶನ ಕಜುವೊ ಓಗಾ. ಕಥೆ ನಡೆಯುವುದು 1950ರ ದಶಕದ ಜಪಾನಿನ ಹಳ್ಳಿಯೊಂದರಲ್ಲಿ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು, ಸತ್ಸುಕಿ ಮತ್ತು ಮೇ ಅವರನ್ನು, ಕರೆದುಕೊಂಡು ಹಳೇ ಮನೆಯೊಂದಕ್ಕೆ ಬರುತ್ತಾನೆ. ಮನೆಯ ಮುಖ್ಯಭಾಗ ಜಪಾನಿ ಶೈಲಿಯದು, ಅಂದರೆ ತತಾಮಿ ಚಾಪೆಯ ಕೋಣೆಗಳು, ಜಾರುವ ಬಾಗಿಲುಗಳು, ಉದ್ದಕ್ಕೂ ಮರದ ಜಗಲಿ. ಅದಕ್ಕೇ ಅಂಟಿಕೊಂಡಂತೆ ಪಾಶ್ಚಾತ್ಯ ಶೈಲಿಯ ಒಂದು ಕೋಣೆ, ಅಪ್ಪ ಓದಿ ಬರೆಯುವುದು ಅಲ್ಲಿ. ಇದು ಸುಮ್ನೆ ಕಲ್ಪನೆಯಲ್ಲ, ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಜಪಾನಿನಲ್ಲಿ ಇಂಥ ಮಿಶ್ರ ಮನೆಗಳನ್ನು ನಿಜವಾಗಿಯೂ ಕಟ್ಟುತ್ತಿದ್ದರು.

ಈಗ ಅಸಲು ಪಾಠಕ್ಕೆ ಬನ್ನಿ. ಮನೆ ತೋರಿಸುವುದಕ್ಕೆ ಮಿಯಾಝಾಕಿ ಏನು ಮಾಡುತ್ತಾರೆ? ಮಕ್ಕಳನ್ನು ಓಡಿಸುತ್ತಾರೆ. ಬಂದ ಕೂಡಲೇ ಅವರು ಮುಂದಿನ ಕೊಳೆತ ಕಂಬವನ್ನು ಹಿಡಿದು ಅಲ್ಲಾಡಿಸಿ ನಗುತ್ತಾರೆ, ಸುತ್ತಿ ಬಂದು ಹಿಂದಿನ ಬಾಗಿಲು ತೆಗೆಯುತ್ತಾರೆ, ಕತ್ತಲಲ್ಲಿ ಮಸಿಯ ಪುಟ್ಟ ಭೂತಗಳು ಚದುರಿ ಓಡುತ್ತವೆ, ಆಮೇಲೆ ಅಟ್ಟದ ಮೆಟ್ಟಿಲು ಎಲ್ಲಿದೆ ಅಂತ ಒಂದೊಂದೇ ಬಾಗಿಲು ತೆಗೆದು ಹುಡುಕುತ್ತಾರೆ. ಆ ಹುಡುಕಾಟ ಮುಗಿಯುವ ಹೊತ್ತಿಗೆ ಬಾವಿ ಪಂಪು ಎಲ್ಲಿ, ಅಡುಗೆಮನೆ ಎಲ್ಲಿ, ಜಗಲಿಯಿಂದ ಏನು ಕಾಣುತ್ತದೆ ಎಲ್ಲ ನಮಗೆ ಗೊತ್ತಾಗಿರುತ್ತದೆ. ಯಾರೂ ನಕ್ಷೆ ಕೊಟ್ಟಿಲ್ಲ. ಮಕ್ಕಳ ಕಾಲ ಹಿಂದೆ ನಾವೂ ಓಡಿದ್ದೇವೆ ಅಷ್ಟೆ.

ಅದಾದ ಮೇಲೆ ಕೆಲಸ ಶುರು. ನೆಲ ಒರೆಸುವುದು, ಪಂಪು ಒತ್ತಿ ನೀರು ಬರಿಸುವುದು, ರಾತ್ರಿ ಗಾಳಿಗೆ ಮನೆ ಗಡಗಡ ಅನ್ನುವಾಗ ಮೂವರೂ ಬಿಸಿನೀರಲ್ಲಿ ಕೂತು ಜೋರಾಗಿ ನಗುವುದು, ಬಟ್ಟೆಯನ್ನು ಕಾಲಲ್ಲಿ ತುಳಿದು ಒಗೆಯುವುದು. ಹೆದರಿಸಿದ ಮನೆ ಒಂದೇ ದಿನದಲ್ಲಿ ನಮ್ಮದಾಗುತ್ತದೆ. ಮನೆ ಬದಲಾಗಿಲ್ಲ, ಸ್ವಲ್ಪ ಸ್ವಚ್ಛವಾಗಿದೆ ಅಷ್ಟೇ.

ತಂತ್ರದ ಬಗ್ಗೆ ಒಂದು ಮಾತು. ಆ ಕಾಲದ ಕೈಚಿತ್ರದ ಅನಿಮೇಷನ್‌ನಲ್ಲಿ ಹಿನ್ನೆಲೆಯನ್ನು ಕಾಗದದ ಮೇಲೆ ಪೋಸ್ಟರ್ ಕಲರ್‌ನಲ್ಲಿ ಬರೆಯುತ್ತಿದ್ದರು, ಅಲುಗಾಡುವುದನ್ನು ಪಾರದರ್ಶಕ ಸೆಲ್ ಹಾಳೆಯ ಮೇಲೆ. ಸೆಲ್ ಮೇಲಿನ ಬಣ್ಣ ಸಪಾಟು, ಹಿನ್ನೆಲೆಯಲ್ಲಿರುವ ಕುಂಚದ ಛಾಯೆಗಳು ಅದರಲ್ಲಿಲ್ಲ. ಹಾಗಾಗಿ ಯಾವ ಬಾಗಿಲು ತೆರೆಯಲಿದೆ, ಯಾವ ಕಂಬ ಅಲ್ಲಾಡಲಿದೆ ಅಂತ ಪಳಗಿದ ಕಣ್ಣಿಗೆ ಎಷ್ಟೋ ಸಲ ಮೊದಲೇ ಗೊತ್ತಾಗಿಬಿಡುತ್ತದೆ. ಒಂದು ಸಲ ಇದು ಕಂಡರೆ ಮತ್ತೆ ಕಾಣದೇ ಇರುವುದಿಲ್ಲ, ಕ್ಷಮೆ ಇರಲಿ.

ಟೊಟೊರೊದ ಈ ಮನೆಯನ್ನು ಜಪಾನಿನ ಐಚಿಯಲ್ಲಿ 2005ರಲ್ಲಿ ನಡೆದ ವಿಶ್ವ ಮೇಳಕ್ಕಾಗಿ (ಎಕ್ಸ್‌ಪೋ) ನಿಜವಾಗಿಯೇ ಕಟ್ಟಿದರು. ಈಗ ಅದು ಮಿಯಾಝಾಕಿಯವರ ಸ್ಟುಡಿಯೋ ಗಿಬ್ಲಿಯ ಸಿನಿಮಾಗಳ ಮೇಲೆ ರೂಪಿಸಿ 2022ರಲ್ಲಿ ತೆರೆದ ಗಿಬ್ಲಿ ಪಾರ್ಕ್‌ನ ಭಾಗ. ಅಲ್ಲಿ ಡ್ರಾಯರುಗಳನ್ನು, ಬೀರುಗಳನ್ನು ಎಳೆದು ತೆರೆದು ನೋಡಬಹುದು, ಒಳಗೆ ಆ ಕಾಲದ ಸಾಮಾನುಗಳಿವೆ. ಸಿನಿಮಾದಲ್ಲಿ ಆ ಮಕ್ಕಳು ಮಾಡಿದ್ದನ್ನೇ ಬಂದವರೂ ಮಾಡಲಿ ಅನ್ನುವ ಹಾಗಿದೆ. ಹಗ್ಗ ಕಟ್ಟಿ 'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿದ್ದರೆ ಅದು ಬರೀ ಮ್ಯೂಸಿಯಂ ಆಗುತ್ತಿತ್ತು.

ಮಿಯಾಝಾಕಿಯವರದ್ದೇ ಇನ್ನೊಂದು, 2004ರ 'ಹೌಲ್ಸ್ ಮೂವಿಂಗ್ ಕಾಸಲ್'. ಹೆಸರಿಗೆ ಕೋಟೆ, ನೋಡಿದರೆ ಕೋಳಿಕಾಲಿನ ಮೇಲೆ ನಡೆಯುವ ಗುಜರಿ ರಾಶಿ. ಅದರ ಬಾಗಿಲಿನ ಬಣ್ಣದ ಚಕ್ರ ತಿರುಗಿಸಿದರೆ ನಾಲ್ಕು ಬೇರೆ ಬೇರೆ ಜಾಗಕ್ಕೆ ತೆರೆಯುತ್ತದೆ, ಎಲ್ಲರೂ ಮೆಚ್ಚುವುದು ಅದನ್ನೇ. ಆದರೆ ಒಳಗೆ ಕಾಲಿಟ್ಟ ಕಥಾನಾಯಕಿ ಸೋಫಿ ಮೊದಲು ನೋಡುವುದು ಜೇಡರ ಬಲೆ, ತೊಳೆಯದ ಪಾತ್ರೆ. ಮಾರನೇ ದಿನ ಅವಳು ತಾನೇ ಕ್ಲೀನಿಂಗ್ ಕೆಲಸದವಳು ಅಂತ ಹೇಳಿಕೊಂಡು ಉಳಿದುಬಿಡುತ್ತಾಳೆ. ಅಷ್ಟೊಂದು ಮಾಯ ಇರುವ ಮನೆಯಲ್ಲಿ ನಮಗೆ ಬಾಯಲ್ಲಿ ನೀರೂರಿಸುವುದು ಕ್ಯಾಲ್ಸಿಫರ್ ಅನ್ನೋ ಬೆಂಕಿಯ ಮೇಲೆ ಬೇಯುವ ಬೇಕನ್ ಮೊಟ್ಟೆ. ನಾನು ಮೊಟ್ಟೆ ತಿನ್ನದಿದ್ದರೂ ಆ ದೃಶ್ಯ ಬಂದಾಗ ಹಸಿವಾಗುತ್ತದೆ.

ಪಿಕ್ಸಾರ್‌ನ 'ಅಪ್', 2009. ಬಲೂನಿನಲ್ಲಿ ಹಾರುವ ಮನೆ. ಆದರೆ ನಮ್ಮ ವಿಷಯ ಹಾರುವುದಕ್ಕಿಂತ ಮುಂಚಿನದು. ಕಾರ್ಲ್ ಮತ್ತು ಎಲ್ಲಿ (Ellie) ಮಕ್ಕಳಾಗಿದ್ದಾಗ ಭೇಟಿಯಾಗುವುದು ಹಾಳುಬಿದ್ದ ಮನೆಯೊಂದರಲ್ಲಿ. ಮದುವೆಯಾದ ಮೇಲೆ ಅದನ್ನೇ ಕೈಯಾರೆ ರಿಪೇರಿ ಮಾಡಿ ಅಲ್ಲೇ ಇರುತ್ತಾರೆ. ಮಾತೇ ಇಲ್ಲದ ಕೆಲವು ನಿಮಿಷಗಳಲ್ಲಿ ಇಡೀ ಸಂಸಾರ ಮುಗಿದುಹೋಗುತ್ತದೆ. ಇಲ್ಲಿ ಕುರ್ಚಿಗಳನ್ನು ಗಮನಿಸಿ: ಕಾರ್ಲ್‌ನದ್ದು ಚೌಕ, ಎಲ್ಲಿಯದ್ದು ದುಂಡಗೆ, ಪಕ್ಕಪಕ್ಕದಲ್ಲಿ. ಪಾತ್ರಗಳನ್ನೂ ಅದೇ ಆಕಾರದಲ್ಲಿ ಬರೆದಿದ್ದಾರೆ. ಕೊನೆಗೆ ಮನೆ ಮತ್ತೆ ಹಾರಲಿ ಅಂತ ಕಾರ್ಲ್ ಸಾಮಾನನ್ನೆಲ್ಲ ಹೊರಗೆ ಎಸೆಯುವಾಗ ನಮಗೂ ಹೊಟ್ಟೆ ಹಿಂಡುತ್ತದೆ, ಯಾಕೆಂದರೆ ಆ ಸಾಮಾನು ಮನೆಗೆ ಬಂದಿದ್ದೂ ಸವೆದಿದ್ದೂ ನಮ್ಮ ಕಣ್ಣೆದುರೇ.

2021ರ 'ಎನ್‌ಕಾಂಟೊ'ದ ಕಸೀತಾ ಕೊಲಂಬಿಯಾದ ಮನೆ, ಹೆಂಚು ಬಾಗಿಲುಗಳು ತಾವೇ ಅಲುಗಾಡುವ ಮಾಯದ ಮನೆ, ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು. ನಮ್ಮ ತೊಟ್ಟಿಮನೆ ನೋಡಿದವರಿಗೆ ಒಳಗಿನ ಓಡಾಟ ತಕ್ಷಣ ಅರ್ಥವಾಗುತ್ತದೆ: ಯಾವ ಬಾಗಿಲಿಂದ ಹೊರಬಂದರೂ ಎಲ್ಲರ ಕಣ್ಣಿಗೆ ಬೀಳಲೇಬೇಕು. ಅದಕ್ಕೇ ಮನೆಯವರಿಂದ ಅಡಗಬೇಕಾದ ಅದೇ ಕುಟುಂಬದ ಬ್ರೂನೋಗೆ ಕೋಣೆ ಸಾಲದು, ಗೋಡೆಯ ಸಂದಿಯೇ ಬೇಕಾಗುತ್ತದೆ. ಅಲ್ಲಿ ಅವನು ಊಟದ ಮನೆಯ ಮೇಜಿಗೆ ತಾಗಿದ ಹಾಗೆ ತನ್ನದೊಂದು ಮೇಜಿಟ್ಟು, ತಟ್ಟೆಯ ಚಿತ್ರ ಬರೆದುಕೊಂಡಿದ್ದಾನೆ. ಹೆಂಚುಗಳು ಕುಣಿಯುವುದಕ್ಕಿಂತ ಈ ಒಂದು ತಟ್ಟೆ ಮನೆಯ ಬಗ್ಗೆ ಜಾಸ್ತಿ ಹೇಳುತ್ತದೆ. ಆಮೇಲೆ ಮನೆ ಬಿರುಕು ಬಿಟ್ಟು ಕುಸಿಯುತ್ತದೆ, ಊರವರೆಲ್ಲ ಸೇರಿ ಕೈಯಾರೆ ಕಟ್ಟುತ್ತಾರೆ.

ಇದಕ್ಕೆ ಎದುರು ಉದಾಹರಣೆ 2013ರ 'ಫ್ರೋಝನ್'ನ ಎಲ್ಸಾಳ ಹಿಮದ ಅರಮನೆ. ಕಣ್ಣಿಗೆ ಹಬ್ಬ, ಸುಳ್ಳಲ್ಲ. ಆದರೆ ಒಂದು ಹಾಡಿನೊಳಗೆ ಅವಳ ಮಾಯದಿಂದ ಎದ್ದು ನಿಲ್ಲುತ್ತದೆ, ಯಾರೂ ಬೆವರು ಸುರಿಸಿಲ್ಲ, ಒಲೆಯಿಲ್ಲ, ಹಾಸಿಗೆಯಿಲ್ಲ. ಎಲ್ಸಾ ಒಂಟಿ ಅಂತ ತೋರಿಸಲು ಬೇಕೆಂದೇ ಹಾಗೆ ಮಾಡಿದ್ದಾರೆ, ಆ ಕಥೆಗೆ ಅದೇ ಸರಿ. ಫೋಟೋ ತೆಗೆಸಿಕೊಳ್ಳಲು ಹೋಗಬಹುದು, ಬಾಡಿಗೆಗೆ ಕೊಟ್ಟರೂ ನಾನು ಇರಲಾರೆ.

ಅಭ್ಯಾಸಕ್ಕೆ: ಈ ಐದರಲ್ಲಿ ಒಂದನ್ನು ಆರಿಸಿ, ಸಿನಿಮಾ ಮತ್ತೆ ನೋಡದೆ ನೆನಪಿನಿಂದಲೇ ಮನೆಯ ನಕ್ಷೆ ಬರೆಯಿರಿ. ಬರೆಯಲು ಬಂದ ಪ್ರತಿ ಕೋಣೆಯ ಪಕ್ಕದಲ್ಲಿ, ಅಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದರು ಅಂತ ಒಂದು ಸಾಲು ಹಾಕಿ. ಖಾಲಿ ಉಳಿದ ಕೋಣೆಗಳಿಗಾಗಿ ಆಮೇಲೆ ಸಿನಿಮಾ ಹಾಕಿ ನೋಡಿ, ಅಲ್ಲಿ ಯಾರಾದರೂ ಏನಾದರೂ ಮಾಡುತ್ತಿದ್ದರಾ ಅಂತ.