ಮನೆಯ ನೆಟ್‌ವರ್ಕಿಗೊಬ್ಬ ಮೀಟರ್ ರೀಡರ್

ರಾತ್ರಿ ಹತ್ತಾಯಿತು ಅಂದರೆ ನಮ್ಮನೆಯಲ್ಲಿ ವಿಡಿಯೋ ಕಾಲ್ ಒದ್ದಾಡುತ್ತಿತ್ತು. ಯಾಕೆ ಅಂತ ನೋಡೋಣವೆಂದರೆ ರೌಟರ್‌ನ ಆ್ಯಪ್ ತೆರೆಯುವುದಕ್ಕೂ ಇಂಟರ್ನೆಟ್ಟೇ ಬೇಕು. ಯಾವಾಗ ಬೇಕೋ ಆವಾಗಲೇ ಕೈಕೊಡುತ್ತದೆ, ತಮಾಷೆ ಅಲ್ವಾ? ಅದಕ್ಕೇ ಅಟ್ಟದ ಮೇಲಿದ್ದ ಹಳೇ ಲ್ಯಾಪ್‌ಟಾಪ್ ಇಳಿಸಿ, ಲಿನಕ್ಸ್ ಹಾಕಿ, ನೆಟ್‌ವರ್ಕಿನ ಮೇಲೆ ಕಣ್ಣಿಡುವ ಲಿಬ್ರೆಎನ್‌ಎಂಎಸ್ ಅನ್ನೋ ಉಚಿತ ಸಾಫ್ಟ್‌ವೇರ್ ಕೂರಿಸಿದೆ.

ಅಷ್ಟು ಹಳೇ ಯಂತ್ರ ಸಾಕಾ? ಧಾರಾಳ ಸಾಕು. ನಿಮ್ಮ ಡೇಟಾ ಇದರ ಮೂಲಕ ಹರಿಯುವುದೇ ಇಲ್ಲ. ಇದು ಬರೀ ಮೀಟರ್ ರೀಡರ್, ಬಂದು ಅಂಕಿ ಬರೆದುಕೊಂಡು ಹೋಗುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿದರೂ ವೈಫೈ ನಡೆಯುತ್ತಲೇ ಇರುತ್ತದೆ, ಆ ಹೊತ್ತಿನ ಲೆಕ್ಕ ಮಾತ್ರ ಸಿಗುವುದಿಲ್ಲ.

ಮೀಟರ್ ಅಂದದ್ದು ಸುಮ್ನೆ ಅಲ್ಲ. ಒಳಗೆ ಎಷ್ಟು ಬೈಟ್ ಬಂತು, ಹೊರಗೆ ಎಷ್ಟು ಹೋಯಿತು ಅಂತ ರೌಟರ್ ಎಣಿಸುತ್ತಾ ಹೋಗುತ್ತದೆ, ಅಷ್ಟೇ. ಲಿಬ್ರೆಎನ್‌ಎಂಎಸ್ 5 ನಿಮಿಷಕ್ಕೊಮ್ಮೆ ಹೋಗಿ ಆ ಅಂಕಿ ಕೇಳುತ್ತದೆ, ಹಿಂದಿನದನ್ನು ಕಳೆದು 300 ಸೆಕೆಂಡಿನಿಂದ ಭಾಗಿಸುತ್ತದೆ. ಅದೇ ವೇಗ. ಕರೆಂಟ್ ಬಿಲ್ಲಿನ ಹಳೇ ರೀಡಿಂಗ್, ಹೊಸ ರೀಡಿಂಗ್ ಲೆಕ್ಕವೇ ಇದು. ಹೀಗೆ ಕೇಳುವ ಭಾಷೆಗೆ ಎಸ್‌ಎನ್‌ಎಂಪಿ ಅಂತ ಹೆಸರು. 1988ರಲ್ಲಿ ಬಂದದ್ದು, ಇನ್ನೂ ಗಟ್ಟಿಮುಟ್ಟಾಗಿದೆ. ಅಗ್ಗದ ರೌಟರ್‌ಗಳಲ್ಲಿ ಹಲವಕ್ಕೆ ಈ ಭಾಷೆ ಬರುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಇಲ್ಲೊಂದು ಮಜಾ ಇದೆ. ಹಳೇ ಮೀಟರುಗಳು 32 ಬಿಟ್‌ನವು, 4,29,49,67,295 ದಾಟಿದರೆ ಸ್ಕೂಟರಿನಲ್ಲಿ ಓಡಿದ ಕಿಲೋಮೀಟರ್ ತೋರಿಸುವ ಅಂಕಿಗಳ ಹಾಗೆ ಮತ್ತೆ ಸೊನ್ನೆಗೆ ಬರುತ್ತವೆ. 100 ಎಂಬಿಪಿಎಸ್ ಲೈನ್ ತುಂಬಿ ಹರಿದರೆ ಒಂದು ಸುತ್ತಿಗೆ ಸುಮಾರು 344 ಸೆಕೆಂಡು ಬೇಕು, 5 ನಿಮಿಷದ ಲೆಕ್ಕ ಹೇಗೋ ಬಚಾವ್. 1 ಜಿಬಿಪಿಎಸ್ ಆದರೆ 34 ಸೆಕೆಂಡಿಗೇ ಒಂದು ಸುತ್ತು, ರೀಡರ್ ವಾಪಸ್ ಬರುವಷ್ಟರಲ್ಲಿ ಮೀಟರ್ ಎಂಟು ಸಲ ತಿರುಗಿರುತ್ತದೆ, ಎಷ್ಟು ಸಲ ಅಂತ ಅವನಿಗೆ ಗೊತ್ತಾಗುವುದಾದರೂ ಹೇಗೆ? ಅದಕ್ಕೇ 64 ಬಿಟ್ ಮೀಟರ್ ಬಂತು. ಅದೇ ವೇಗದಲ್ಲಿ ಅದು ಸೊನ್ನೆಗೆ ಬರಲು 4,600 ವರ್ಷಕ್ಕೂ ಜಾಸ್ತಿ ಬೇಕು.

ಇಷ್ಟೆಲ್ಲ ಬರೆದಿಟ್ಟರೆ ಡಿಸ್ಕ್ ತುಂಬುವುದಿಲ್ಲವಾ? ಇಲ್ಲ. ಲಿಬ್ರೆಎನ್‌ಎಂಎಸ್ ಈ ಅಂಕಿಗಳನ್ನು ಇಡುವುದು ಆರ್‌ಆರ್‌ಡಿಟೂಲ್ ಅನ್ನೋ ಇನ್ನೊಂದು ಸಾಫ್ಟ್‌ವೇರಿನ ಕಡತದಲ್ಲಿ, ಟೋಬಿ ಓಟಿಕರ್ ಅನ್ನುವವರು 1999ರಲ್ಲಿ ಬಿಟ್ಟದ್ದು. ಆ ಕಡತದ ಅಳತೆ ಮೊದಲೇ ನಿಗದಿ. ಇತ್ತೀಚಿನ ಲೆಕ್ಕ ವಿವರವಾಗಿರುತ್ತದೆ, ಹಳೆಯದು ಸರಾಸರಿಯಾಗಿ ಕುಗ್ಗುತ್ತದೆ, ತೀರಾ ಹಳೆಯದರ ಮೇಲೆ ಹೊಸದು ಕೂರುತ್ತದೆ. ನಮ್ಮ ನೆನಪೂ ಹೆಚ್ಚುಕಮ್ಮಿ ಹೀಗೇ.

ಒಂದು ಎಚ್ಚರಿಕೆ ಮಾತ್ರ ಬೇಕು. ಎಸ್‌ಎನ್‌ಎಂಪಿಯ ಹಳೇ ಆವೃತ್ತಿಗಳಲ್ಲಿ ಪಾಸ್‌ವರ್ಡ್ ಬಟಾಬಯಲಲ್ಲಿ ಓಡಾಡುತ್ತದೆ, ಎಷ್ಟೋ ಕಡೆ ಅದು ‘ಪಬ್ಲಿಕ್’ ಅಂತಲೇ ಇರುತ್ತದೆ. ಬದಲಾಯಿಸಿ, ಆಗುವುದಾದರೆ 3ನೇ ಆವೃತ್ತಿ ಬಳಸಿ, ಎಸ್‌ಎನ್‌ಎಂಪಿಯ ಬಾಗಿಲಾದ 161ನೇ ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆದಿಡಬೇಡಿ.

ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಲಾಭವಿದೆ. ಬ್ಯಾಟರಿ ಚೂರು ಜೀವ ಹಿಡಿದಿದ್ದರೂ ಕರೆಂಟ್ ಹೋದಾಗ ಅದೇ ಯುಪಿಎಸ್.

ಮೂರನೇ ದಿನಕ್ಕೆ ಚಿತ್ರ ಸಿಕ್ಕಿತು. ಹತ್ತು ಗಂಟೆಗೆ ಅಪ್‌ಲೋಡ್ ಗೆರೆ ಸೀದಾ ಮೇಲೆದ್ದು ನಿಲ್ಲುತ್ತಿತ್ತು. ನಾನು ಫೋನ್ ಚಾರ್ಜಿಗೆ ಹಾಕುವುದೂ ಆಗಲೇ, ಅದು ದಿನದ ಫೋಟೋ ವಿಡಿಯೋ ಎಲ್ಲ ಬ್ಯಾಕಪ್‌ಗೆ ಕಳಿಸಲು ಶುರು ಮಾಡುವುದೂ ಆಗಲೇ. ಅಲ್ಲಿಯವರೆಗೆ ಲೈನ್ ಕೊಟ್ಟವರಿಗೆ ಎರಡು ಸಲ ಫೋನ್ ಮಾಡಿ ಬೈದಿದ್ದೆ.